ಸದ್ದಿಲ್ಲದೆ ಕೈಕೊಡುವ ಉಪಕರಣಗಳು

ಸಿಮ್ಯುಲೇಟರ್‌ನಲ್ಲಿ ವಿಮಾನ ಹಾರಿಸುವವರನ್ನು ‘ಫೇಲ್ಯೂರ್ ಅಭ್ಯಾಸ ಮಾಡ್ತೀರಾ’ ಅಂತ ಕೇಳಿ ನೋಡಿ. ಹೆಚ್ಚಿನವರು ಹೇಳುವುದು ಇಂಜಿನ್ ಬೆಂಕಿಯ ಕಥೆ. ರನ್‌ವೇ ಮೇಲೆ ಓಡುತ್ತಿರುವಾಗ ಬೆಂಕಿ, ಕೆಂಪು ದೀಪ, ಗಂಟೆ, ಹ್ಯಾಂಡಲ್ ಎಳೆದೆ, ಸುತ್ತು ಹಾಕಿ ವಾಪಸ್ ಬಂದು ಇಳಿಸಿದೆ. ನೋಡೋಕೆ ಚೆನ್ನಾಗಿರುತ್ತದೆ, ಯೂಟ್ಯೂಬ್‌ಗೂ ಆಗುತ್ತದೆ. ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಅದರಲ್ಲಿ ಕಷ್ಟದ ಕೆಲಸವನ್ನು ವಿಮಾನವೇ ಮಾಡಿಕೊಟ್ಟಿರುತ್ತದೆ. ಏನು ಕೆಟ್ಟಿದೆ, ಎಲ್ಲಿ ಕೆಟ್ಟಿದೆ ಅಂತ ಅದೇ ಕೂಗಿ ಹೇಳುತ್ತದೆ. ಮೇಲಾಗಿ ಮೆನುವಿಗೆ ಹೋಗಿ ಆ ಬೆಂಕಿ ಹಚ್ಚಿದವರೂ ನಾವೇ. ಯಾವಾಗ ಬರುತ್ತದೆ ಅಂತ ಗೊತ್ತಿರುವ ತೊಂದರೆಗೆ ಕೈ ಮೊದಲೇ ರೆಡಿಯಾಗಿ ಕೂತಿರುತ್ತದೆ.

ನನಗೆ ಮುಖ್ಯ ಅನಿಸುವುದು ಬೇರೆ ಜಾತಿಯ ಫೇಲ್ಯೂರ್‌ಗಳು. ದೀಪ ಹತ್ತುವುದಿಲ್ಲ, ಗಂಟೆ ಹೊಡೆಯುವುದಿಲ್ಲ. ಒಂದು ಮುಳ್ಳು ನಿಧಾನವಾಗಿ ಸುಳ್ಳು ಹೇಳಲು ಶುರು ಮಾಡುತ್ತದೆ, ಪಕ್ಕದ ಮುಳ್ಳು ನಿಜ ಹೇಳುತ್ತಿರುತ್ತದೆ, ಯಾವುದನ್ನು ನಂಬಬೇಕು ಅಂತ ನೀವೇ ತೀರ್ಮಾನ ಮಾಡಬೇಕು. ಮನೆಯಲ್ಲಿ ಕೂತು ಹಾರಿಸುವ ನಮ್ಮಂಥವರಿಗೆ ಸಿಮ್ಯುಲೇಟರ್ ಏನಾದರೂ ಗಟ್ಟಿಯಾಗಿ ಕಲಿಸುವುದಾದರೆ ಅದು ಇಲ್ಲೇ. ಇವತ್ತು ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಇದಕ್ಕೆ ನಾನು ಬಳಸುವುದು ಎಕ್ಸ್-ಪ್ಲೇನ್ ಅನ್ನುವ ಸಿಮ್ಯುಲೇಟರ್‌ನಲ್ಲಿ ಹಳೆಯ ಸೆಸ್ನಾ 172ಎನ್, ಒಂದೇ ಇಂಜಿನ್‌ನ ಸಣ್ಣ ವಿಮಾನ. ದೊಡ್ಡ ಸ್ಕ್ರೀನ್‌ಗಳಿಲ್ಲ, ಆರು ದುಂಡು ಡಯಲ್‌ಗಳು ಅಷ್ಟೇ. ಈ ಆರು ಡಯಲ್‌ಗಳು ಮೂರು ಬೇರೆ ಬೇರೆ ಮೂಲಗಳಿಂದ ನಡೆಯುತ್ತವೆ. ಇದು ತಲೆಯಲ್ಲಿ ಕೂರದೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ವಿಮಾನ ಎಷ್ಟು ವಾಲಿದೆ, ಮೂತಿ ಮೇಲಿದೆಯೋ ಕೆಳಗಿದೆಯೋ ಅಂತ ತೋರಿಸುವ ಕೃತಕ ಹೊರೈಜನ್ ಒಂದು, ದಿಕ್ಕು ತೋರಿಸುವ ಹೆಡಿಂಗ್ ಇಂಡಿಕೇಟರ್ ಇನ್ನೊಂದು. ಇವೆರಡರ ಒಳಗಿನ ಜೈರೋಗಳನ್ನು, ಅಂದರೆ ಬುಗುರಿಯಂತೆ ಜೋರಾಗಿ ತಿರುಗುವ ಚಕ್ರಗಳನ್ನು, ತಿರುಗಿಸುವುದು ಇಂಜಿನ್‌ಗೆ ಜೋಡಿಸಿದ ವ್ಯಾಕ್ಯೂಮ್ ಪಂಪ್ ಎಳೆಯುವ ಗಾಳಿ. ವಿಮಾನ ಯಾವ ಕಡೆಗೆ, ಎಷ್ಟು ಬೇಗ ತಿರುಗುತ್ತಿದೆ ಅಂತ ತೋರಿಸುವ ಟರ್ನ್ ಕೋಆರ್ಡಿನೇಟರ್ ನಡೆಯುವುದು ಕರೆಂಟಿನಲ್ಲಿ. ಉಳಿದ ಮೂರು, ಅಂದರೆ ವೇಗ, ಎತ್ತರ ಮತ್ತು ಏರಿಳಿತದ ದರ, ಹೊರಗಿನ ಗಾಳಿಯ ಒತ್ತಡದಿಂದ ನಡೆಯುತ್ತವೆ. ಅದಕ್ಕೆ ರೆಕ್ಕೆಯ ಕೆಳಗೆ ಎದುರು ಗಾಳಿ ಹಿಡಿಯುವ ಒಂದು ಪಿಟೋ ಕೊಳವೆ, ವಿಮಾನದ ಮೈಮೇಲೆ ಸುತ್ತಲಿನ ಗಾಳಿಯ ಒತ್ತಡ ಹಿಡಿಯುವ ಒಂದು ಸಣ್ಣ ಸ್ಟ್ಯಾಟಿಕ್ ತೂತು. ಬೇಕೆಂದೇ ಹೀಗೆ ಹಂಚಿದ್ದಾರೆ. ಒಂದು ಮೂಲ ಸತ್ತರೂ ಉಳಿದ ಎರಡು ಬದುಕಿರಲಿ ಅಂತ.

ವ್ಯಾಕ್ಯೂಮ್ ಪಂಪ್ ಸಾಯುವುದು ಒಂದೇ ಕ್ಷಣದಲ್ಲಿ. ಒಳಗೆ ಕಾರ್ಬನ್ ಪಟ್ಟಿಗಳಿರುತ್ತವೆ, ಅವು ಪುಡಿಯಾದರೆ ಮುಗಿಯಿತು. ಆದರೆ ಕಾಕ್‌ಪಿಟ್‌ನಲ್ಲಿ ಆ ಕ್ಷಣಕ್ಕೆ ಏನೂ ಕಾಣಿಸುವುದಿಲ್ಲ. ಜೈರೋ ಇನ್ನೂ ಜೋರಾಗಿ ತಿರುಗುತ್ತಲೇ ಇರುತ್ತದೆ. ವೇಗ ಕಳೆದುಕೊಂಡ ಬುಗುರಿ ಮೊದಲು ತೂಗಿ, ಆಮೇಲೆ ವಾಲಿ, ಕೊನೆಗೆ ಮಲಗುತ್ತದಲ್ಲ, ಹಾಗೆ ಹೊರೈಜನ್ ಕೂಡ ನಿಮಿಷಗಟ್ಟಲೆ ತೆಗೆದುಕೊಂಡು ಮಲಗುತ್ತದೆ. ಹೊರಗೆ ಬಿಸಿಲಿದ್ದರೆ ಇದು ತೊಂದರೆಯೇ ಅಲ್ಲ, ಕಿಟಕಿಯಲ್ಲಿ ನಿಜವಾದ ಹೊರೈಜನ್ ಕಾಣುತ್ತದೆ. ಮೋಡದೊಳಗೆ ಕಿಟಕಿ ತುಂಬ ಬರೀ ಬಿಳಿ. ಡಯಲ್ ಎಡಕ್ಕೆ ಎರಡು ಡಿಗ್ರಿ ವಾಲಿದಂತೆ ತೋರಿಸಿದರೆ ಕೈ ತಾನಾಗಿಯೇ ಬಲಕ್ಕೆ ತಿದ್ದುತ್ತದೆ. ಇನ್ನೆರಡು ಡಿಗ್ರಿ, ಇನ್ನಷ್ಟು ತಿದ್ದುತ್ತೀರಿ. ಡಯಲ್‌ನಲ್ಲಿ ರೆಕ್ಕೆ ನೆಟ್ಟಗೇ ಕಾಣುತ್ತಿದೆ, ವಿಮಾನ ಮಾತ್ರ ಬಲಕ್ಕೆ ವಾಲಿಕೊಂಡು ಸುರುಳಿ ಸುತ್ತುತ್ತ ಇಳಿಯುತ್ತಿದೆ.

ಇದನ್ನು ಸರಿಯಾಗಿ ಅಭ್ಯಾಸ ಮಾಡಬೇಕಾದರೆ ಫೇಲ್ಯೂರ್ ಆರಿಸುವ ಕೆಲಸ ನಿಮ್ಮ ಕೈಯಲ್ಲಿ ಇರಬಾರದು. ಎಕ್ಸ್-ಪ್ಲೇನ್‌ನಲ್ಲಿ ಪ್ರತಿಯೊಂದು ಉಪಕರಣಕ್ಕೂ ಯಾವಾಗ ಕೆಡಬೇಕು ಅಂತ ಹೇಳಬಹುದು: ಇಷ್ಟು ಹೊತ್ತಾದ ಮೇಲೆ, ಇಷ್ಟು ವೇಗ ಬಂದಾಗ, ಇಷ್ಟು ಎತ್ತರದಲ್ಲಿ, ಅಥವಾ ಸುಮ್ನೆ ಯಾವಾಗಲಾದರೂ. ಒಬ್ಬರೇ ಇದ್ದರೆ ಆ ಕೊನೆಯದು ಸಾಕು. ನಮ್ಮ ಮನೆಯಲ್ಲಿ ಈ ಕೆಲಸ ನನ್ನ ತಮ್ಮನದು. ಐಪ್ಯಾಡ್‌ನಲ್ಲಿ ಎಕ್ಸ್-ಪ್ಲೇನ್‌ನ ಕಂಟ್ರೋಲ್ ಪ್ಯಾಡ್ ಅನ್ನೋ ಆ್ಯಪ್ ಇದೆ, ಅದರಿಂದ ಪಕ್ಕದ ಕೋಣೆಯಲ್ಲಿ ಕೂತೇ ನನ್ನ ವಿಮಾನದಲ್ಲಿ ಏನನ್ನು ಬೇಕಾದರೂ ಕೆಡಿಸಬಹುದು. ಏನು ಕೆಡಿಸುತ್ತಾನೆ, ಯಾವಾಗ ಕೆಡಿಸುತ್ತಾನೆ ಅಂತ ಹೇಳುವುದಿಲ್ಲ. ಕೆಲವು ಸಲ ಏನನ್ನೂ ಕೆಡಿಸುವುದಿಲ್ಲ. ಅದು ಇನ್ನೂ ಒಳ್ಳೆಯದು, ಯಾಕೆಂದರೆ ಆಗ ಇಡೀ ಪ್ರಯಾಣದಲ್ಲಿ ಕಣ್ಣು ಎಲ್ಲ ಡಯಲ್‌ಗಳ ಮೇಲೂ ಓಡಾಡುತ್ತಲೇ ಇರಬೇಕು.

ಒಂದು ಹಾರಾಟದ ಬಗ್ಗೆ ಹೇಳುತ್ತೇನೆ. ಮಂಗಳೂರಿನಿಂದ ಹುಬ್ಬಳ್ಳಿಗೆ, ಜುಲೈ ತಿಂಗಳ ಮಳೆ ಹಾಕಿಕೊಂಡು, 7,000 ಅಡಿಯಲ್ಲಿ. ದಾರಿ ಹೆಚ್ಚುಕಮ್ಮಿ ನೇರ ಉತ್ತರಕ್ಕೆ. ಕೆಳಗೆ ಘಟ್ಟ. ಕೊಡಚಾದ್ರಿ 1,343 ಮೀಟರ್, ಅಂದರೆ 4,400 ಅಡಿಗೂ ಸ್ವಲ್ಪ ಮೇಲೆ. ಹಾಗಾಗಿ ಇಳಿದು ನೋಡೋಣ ಅನ್ನುವ ಮಾತೇ ಇಲ್ಲ. ಕೊಡಚಾದ್ರಿ ದಾಟುವ ಹೊತ್ತಿಗೆ ಹೊರೈಜನ್ ಸ್ವಲ್ಪ ಎಡಕ್ಕೆ ವಾಲಿದಂತೆ ತೋರಿಸಿತು. ಟರ್ನ್ ಕೋಆರ್ಡಿನೇಟರ್‌ನ ಪುಟ್ಟ ವಿಮಾನ ನೆಟ್ಟಗಿತ್ತು. ಎಡಕ್ಕೆ ವಾಲಿದ ವಿಮಾನ ಎಡಕ್ಕೆ ತಿರುಗಲೇಬೇಕು. ಆದರೆ ಗಾಜಿನ ಮೇಲೆ ತೂಗುವ ದಿಕ್ಸೂಚಿ ಅಲ್ಲಾಡಲಿಲ್ಲ. ಎತ್ತರ ಸ್ಥಿರ, ವೇಗ ಸ್ಥಿರ. ನಾಲ್ಕು ಉಪಕರಣಗಳು ಒಂದು ಮಾತು ಹೇಳುತ್ತಿವೆ, ಒಂದು ಮಾತ್ರ ಬೇರೆ ಹೇಳುತ್ತಿದೆ. ಆಮೇಲೆ ಸಕ್ಷನ್ ಗೇಜ್ ನೋಡಿದೆ. ಪ್ಯಾನೆಲ್‌ನ ಒಂದು ಮೂಲೆಯಲ್ಲಿರುವ ಸಣ್ಣ ಡಯಲ್ ಅದು, ಮಾಮೂಲಿಯಾಗಿ 5ರ ಹತ್ತಿರ ನಿಲ್ಲುವ ಮುಳ್ಳು ಸೊನ್ನೆಯಲ್ಲಿ ಮಲಗಿತ್ತು.

ಇಲ್ಲಿ ಮಾಡಬೇಕಾದ ಮೊದಲ ಕೆಲಸ ಏನು ಗೊತ್ತಾ? ಆ ಡಯಲ್ ಮುಚ್ಚುವುದು. ನಿಜವಾದ ತರಬೇತಿ ವಿಮಾನಗಳಲ್ಲಿ ಇದಕ್ಕೆಂದೇ ಡಯಲ್ ಮೇಲೆ ಅಂಟಿಸುವ ರಬ್ಬರ್ ಮುಚ್ಚಳ ಇಟ್ಟುಕೊಂಡಿರುತ್ತಾರೆ. ನಾನು ಮಾನಿಟರ್ ಮೇಲೆ ಹಳದಿ ಸ್ಟಿಕಿ ನೋಟ್ ಅಂಟಿಸುತ್ತೇನೆ, ಹೊರೈಜನ್ ಮೇಲೊಂದು, ಹೆಡಿಂಗ್ ಇಂಡಿಕೇಟರ್ ಮೇಲೊಂದು. ಕೆಟ್ಟಿದೆ ಅಂತ ಗೊತ್ತಾದ ಮೇಲೂ ಮುಚ್ಚಬೇಕೇ ಅಂತ ಅನಿಸಬಹುದು. ಮುಚ್ಚಬೇಕು. ಹೊರೈಜನ್ ಇರುವುದು ಮೇಲಿನ ಸಾಲಿನ ನಟ್ಟನಡುವೆ, ಕಣ್ಣಿಗೆ ಅಲ್ಲಿಗೆ ಹೋಗಿ ಅಭ್ಯಾಸ. ಅದು ಮೂವತ್ತು ಡಿಗ್ರಿ ವಾಲಿರುವುದನ್ನು ನೋಡುತ್ತ ಕೈಯನ್ನು ಅಲ್ಲಾಡಿಸದೆ ಇಟ್ಟುಕೊಳ್ಳುವುದು ತುಂಬ ಕಷ್ಟ.

ಇಂಜಿನ್ ಆರ್‌ಪಿಎಂ ಮುಟ್ಟಲಿಲ್ಲ. ರೆಕ್ಕೆ ನೆಟ್ಟಗಿಡಲು ಟರ್ನ್ ಕೋಆರ್ಡಿನೇಟರ್, ಮೂತಿ ನೆಟ್ಟಗಿಡಲು ಎತ್ತರ ಮತ್ತು ವೇಗದ ಡಯಲ್‌ಗಳು. ಆಮೇಲೆ ತಮ್ಮನನ್ನು ಕೂಗಿದೆ. ಇಂಥ ಹೊತ್ತಿನಲ್ಲಿ ರೇಡಾರ್ ಕಂಟ್ರೋಲರ್ ಹತ್ತಿರ ಕೇಳಬಹುದಾದ ಒಂದು ಸಹಾಯ ಇದೆ, ಅದಕ್ಕೆ ನೋ-ಜೈರೋ ವೆಕ್ಟರ್ ಅಂತಾರೆ. ಅವರು ಡಿಗ್ರಿ ಹೇಳುವುದಿಲ್ಲ, ತಿರುಗಲು ಶುರು ಮಾಡಿ, ನಿಲ್ಲಿಸಿ ಅಂತ ಮಾತ್ರ ಹೇಳುತ್ತಾರೆ. ನಮ್ಮಲ್ಲಿ ತಮ್ಮನೇ ರೇಡಾರ್. ಐಪ್ಯಾಡ್‌ನಲ್ಲಿ ಮ್ಯಾಪ್ ನೋಡುತ್ತ ಹೇಳುತ್ತಾನೆ.

‘ಅಣ್ಣಾ, ಬಲಕ್ಕೆ ತಿರುಗಿಸು.’

ಟರ್ನ್ ಕೋಆರ್ಡಿನೇಟರ್‌ನ ರೆಕ್ಕೆಯನ್ನು ಬಲಗಡೆಯ ಗುರುತಿಗೆ ತಾಗಿಸಿ ಹಿಡಿಯಬೇಕು. ಆ ಗುರುತಿನಲ್ಲಿ ವಿಮಾನ ಸೆಕೆಂಡಿಗೆ 3 ಡಿಗ್ರಿ ತಿರುಗುತ್ತದೆ.

‘ಸಾಕು, ನಿಲ್ಲಿಸು.’

ಸಹಾಯಕ್ಕೆ ಯಾರೂ ಇಲ್ಲದಿದ್ದರೆ ಗಡಿಯಾರ ಇದೆ. 30 ಡಿಗ್ರಿ ತಿರುಗಲು 10 ಸೆಕೆಂಡ್, 90 ಡಿಗ್ರಿಗೆ 30 ಸೆಕೆಂಡ್. ತಿರುಗಿ ನೆಟ್ಟಗಾಗಿ, ದಿಕ್ಸೂಚಿ ನಿಲ್ಲುವವರೆಗೆ ಕಾದು, ಆಮೇಲೆ ಓದಬೇಕು. ಅಮೆರಿಕದ ತರಬೇತಿ ಪುಸ್ತಕಗಳಲ್ಲಿ, ತಿರುಗುವಾಗ ದಿಕ್ಸೂಚಿ ಉತ್ತರದ ಹತ್ತಿರ ಹಿಂದೆ ಬೀಳುತ್ತದೆ, ದಕ್ಷಿಣದ ಹತ್ತಿರ ಮುಂದೆ ಓಡುತ್ತದೆ, ಅದಕ್ಕೆ ಇಷ್ಟು ಡಿಗ್ರಿ ಲೆಕ್ಕ ಹಿಡಿಯಿರಿ ಅಂತ ಇರುತ್ತದೆ. ಆ ಲೆಕ್ಕ ಅವರ ಅಕ್ಷಾಂಶಕ್ಕೆ ಸರಿ. ನಮ್ಮ ಕಡೆ ಕಾಂತೀಯ ಸಮಭಾಜಕ ರೇಖೆ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುವುದರಿಂದ ಈ ದೋಷ ತುಂಬ ಕಡಿಮೆ. ತಿರುವನಂತಪುರದ ಹತ್ತಿರ ತುಂಬಾದಲ್ಲಿ ರಾಕೆಟ್ ಕೇಂದ್ರ ಮಾಡಿದ್ದೂ ಆ ರೇಖೆ ಹತ್ತಿರ ಇದೆ ಅಂತಲೇ. ಹಾಗಾಗಿ ಪುಸ್ತಕದ ಲೆಕ್ಕವನ್ನು ಇಲ್ಲಿಗೆ ಹಾಗೇ ತರಬೇಡಿ.

ವಾಪಸ್ ಹೋಗುವ ಯೋಚನೆ ಮಾಡಲಿಲ್ಲ. ಹಿಂದೆ ಮಂಗಳೂರಿನಲ್ಲಿ ಮೋಡ ನೆಲಕ್ಕೆ ತಾಗುವಂತಿತ್ತು, ರನ್‌ವೇ ಬೇರೆ ಗುಡ್ಡದ ತಲೆಯ ಮೇಲೆ. ಮುಂದೆ ಹುಬ್ಬಳ್ಳಿ ಘಟ್ಟದ ಆಚೆ, ಬಯಲು, ಮೋಡದ ತಳ ನೆಲದಿಂದ ಸಾಕಷ್ಟು ಮೇಲಿತ್ತು. ಒಂದೇ ವೇಗ ಹಿಡಿದು, ತಿರುಗದೆ, ನೇರವಾಗಿ ಇಳಿದು ಮೋಡದ ಕೆಳಗೆ ಬಂದ ಮೇಲೆ ಉಳಿದದ್ದು ಮಾಮೂಲಿ ಲ್ಯಾಂಡಿಂಗ್.

ಒಂದು ವೇಳೆ ಸುರುಳಿ ಶುರುವಾಗಿಯೇ ಬಿಟ್ಟಿದ್ದರೆ? ವೇಗ ಏರುತ್ತಿದೆ, ಎತ್ತರ ಬೀಳುತ್ತಿದೆ, ಟರ್ನ್ ಕೋಆರ್ಡಿನೇಟರ್ ಒಂದು ಕಡೆಗೆ ಪೂರ್ತಿ ವಾಲಿದೆ. ಆಗ ಕೈ ಮೊದಲು ಮಾಡಲು ಹೋಗುವುದು ಕಂಟ್ರೋಲ್ ಹಿಡಿಯನ್ನು ಹಿಂದಕ್ಕೆ ಎಳೆಯುವುದನ್ನು. ರೆಕ್ಕೆ ವಾಲಿರುವಾಗ ಎಳೆದರೆ ತಿರುವು ಇನ್ನೂ ಬಿಗಿಯಾಗುತ್ತದೆ, ಎತ್ತರ ಸಿಗುವುದಿಲ್ಲ. ಮೊದಲು ಥ್ರಾಟಲ್ ಇಳಿಸಿ ಇಂಜಿನ್ ಶಕ್ತಿ ಕಡಿಮೆ ಮಾಡಿ, ಆಮೇಲೆ ಟರ್ನ್ ಕೋಆರ್ಡಿನೇಟರ್ ನೋಡಿ ರೆಕ್ಕೆ ನೆಟ್ಟಗೆ ಮಾಡಿ, ಕೊನೆಗೆ ಮೆಲ್ಲಗೆ ಎಳೆಯಿರಿ. ಈ ಕ್ರಮ ಬೆರಳಿಗೆ ಹತ್ತುವವರೆಗೆ ಮಾಡಿ, ಇದಕ್ಕೆ ಬದಲಿ ಇಲ್ಲ.

ಇದೇನು ಸಣ್ಣ ವಿಮಾನದ ಹಳೇ ಕಾಲದ ತೊಂದರೆ ಅಂದುಕೊಳ್ಳಬೇಡಿ. 1978ರ ಜನವರಿ 1ರ ರಾತ್ರಿ ಮುಂಬೈನಿಂದ ದುಬೈಗೆ ಹೊರಟ ಏರ್ ಇಂಡಿಯಾ 855 ಬೋಯಿಂಗ್ 747, ಹೆಸರು ಎಂಪರರ್ ಅಶೋಕ. ಸಮುದ್ರದ ಮೇಲೆ ಬಲಕ್ಕೆ ತಿರುಗಿ ನೆಟ್ಟಗಾದ ಮೇಲೆ ಕ್ಯಾಪ್ಟನ್ ಮುಂದಿದ್ದ ಹೊರೈಜನ್ ವಿಮಾನ ಇನ್ನೂ ಬಲಕ್ಕೆ ವಾಲಿದೆ ಅಂತ ತೋರಿಸಿತು. ಅವರು ಎಡಕ್ಕೆ ತಿದ್ದಿದರು, ತಿದ್ದುತ್ತಲೇ ಹೋದರು. ಹೊರಗೆ ಕತ್ತಲು, ಕೆಳಗೆ ಸಮುದ್ರ, ನೋಡಲು ಏನೂ ಇಲ್ಲ. ಹೊರಟು ಎರಡು ನಿಮಿಷವೂ ಆಗಿರಲಿಲ್ಲ, ಬಾಂದ್ರಾ ತೀರದ ಆಚೆ ವಿಮಾನ ಸಮುದ್ರಕ್ಕೆ ಬಿತ್ತು. 213 ಜನರೂ ಹೋದರು. ಅದೇ ಕಾಕ್‌ಪಿಟ್‌ನಲ್ಲಿ ಇನ್ನೆರಡು ಹೊರೈಜನ್ ಇದ್ದವು, ಕೋಪೈಲಟ್ ಮುಂದೆ ಒಂದು, ನಡುವೆ ಸ್ಟ್ಯಾಂಡ್‌ಬೈ, ಅಂದರೆ ಆಪತ್ತಿಗೆಂದು ಇಟ್ಟದ್ದು, ಒಂದು. ಆ ಸೆಕೆಂಡುಗಳಲ್ಲಿ ಆ ಮೂರನ್ನು ಒಂದಕ್ಕೊಂದು ಹೋಲಿಸಿ ನೋಡುವಷ್ಟು ಸಮಯ ಅವರಿಗೆ ಸಿಗಲಿಲ್ಲ. ಈ ಅಪಘಾತದ ಬಗ್ಗೆ ಓದಿದ ಮೇಲೆ ನಾನು ಹಾರಿಸುವ ರೀತಿಯೇ ಬದಲಾಯಿತು. ಈಗ ಜೆಟ್ ಹಾರಿಸುವಾಗಲೂ, ಮೋಡಕ್ಕೆ ನುಗ್ಗುವ ಮೊದಲು ಸ್ಟ್ಯಾಂಡ್‌ಬೈ ಕಡೆ ಒಂದು ಸಲ ನೋಡದೆ ಇರುವುದಿಲ್ಲ.

ಇನ್ನು ಪಿಟೋ ಕೊಳವೆಯ ವಿಚಾರ. ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮೋಸದ್ದು. ಕೊಳವೆ ಮತ್ತು ಅದರ ನೀರು ಹೋಗುವ ತೂತು ಎರಡೂ ಮುಚ್ಚಿದರೆ ಒಳಗಿನ ಒತ್ತಡ ಅಲ್ಲೇ ಸಿಕ್ಕಿಕೊಳ್ಳುತ್ತದೆ. ವಿಮಾನ ಏರಿದಂತೆ ಹೊರಗಿನ ಒತ್ತಡ ಕಡಿಮೆಯಾಗುತ್ತದೆ, ಎರಡರ ನಡುವಿನ ಅಂತರ ಹೆಚ್ಚುತ್ತದೆ, ಡಯಲ್ ಅದನ್ನು ವೇಗ ಅಂದುಕೊಳ್ಳುತ್ತದೆ. ಅಂದರೆ ಏರಿದಷ್ಟೂ ವೇಗ ಜಾಸ್ತಿಯಾದಂತೆ ತೋರಿಸುತ್ತದೆ. ವೇಗ ಜಾಸ್ತಿಯಾಯಿತು ಅಂತ ನೀವು ಮೂತಿ ಎತ್ತುತ್ತೀರಿ, ಇನ್ನೂ ಏರುತ್ತೀರಿ, ಇನ್ನೂ ಜಾಸ್ತಿ ತೋರಿಸುತ್ತದೆ. ನಿಜವಾದ ವೇಗ ಅಷ್ಟರಲ್ಲಿ ಸ್ಟಾಲ್‌ಗೆ, ಅಂದರೆ ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯಲಾಗದ ಸ್ಥಿತಿಗೆ, ಬಂದಿರುತ್ತದೆ.

1996ರ ಫೆಬ್ರವರಿ 6ರಂದು ಡೊಮಿನಿಕನ್ ರಿಪಬ್ಲಿಕ್‌ನ ಪೋರ್ಟೊ ಪ್ಲಾಟಾದಿಂದ ಹೊರಟ ಬಿರ್ಗೆನ್‌ಏರ್ 301ಕ್ಕೆ ಆಗಿದ್ದು ಇದೇ. ಬೋಯಿಂಗ್ 757, 189 ಜನ, ಯಾರೂ ಉಳಿಯಲಿಲ್ಲ. ದಿನಗಟ್ಟಲೆ ನಿಂತಿದ್ದ ವಿಮಾನ, ಮಣ್ಣಿನ ಗೂಡು ಕಟ್ಟುವ ಕಣಜ ಪಿಟೋ ಒಳಗೆ ಗೂಡು ಮಾಡಿರಬೇಕು ಅಂತ ತನಿಖೆಯವರ ಅಂದಾಜು. ನಮ್ಮ ಮನೆಗಳಲ್ಲಿ ಬೀಗದ ತೂತಿಗೆ, ಬಳಸದ ಪ್ಲಗ್ ಪಾಯಿಂಟಿಗೆ ಮಣ್ಣು ಮೆತ್ತುವ ಹುಳದ ಬಳಗದ್ದೇ ಅದು. ಪಿಟೋಗೆ ಕೆಂಪು ರಿಬ್ಬನ್‌ನ ಕವರ್ ಯಾಕೆ ಹಾಕುತ್ತಾರೆ ಅನ್ನುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಅದೇ ವರ್ಷ ಅಕ್ಟೋಬರ್ 2ರಂದು ಪೆರುವಿನಲ್ಲಿ ಏರೋಪೆರು 603. ಇದೂ 757. ವಿಮಾನ ತೊಳೆಯುವಾಗ ಸ್ಟ್ಯಾಟಿಕ್ ತೂತುಗಳಿಗೆ ಹಚ್ಚಿದ ಟೇಪ್ ತೆಗೆಯುವುದು ಮರೆತುಹೋಗಿತ್ತು. ವೇಗವೂ ಸುಳ್ಳು, ಎತ್ತರವೂ ಸುಳ್ಳು, ಕೆಳಗೆ ರಾತ್ರಿಯ ಪೆಸಿಫಿಕ್. ಪೈಲಟ್‌ಗಳು ಕಂಟ್ರೋಲ್‌ಗೆ ನಮ್ಮ ಎತ್ತರ ಎಷ್ಟು ಅಂತ ಕೇಳಿದರು, ಕಂಟ್ರೋಲ್ ಹೇಳಿತು. ಈ ಭಾಗ ಗಮನಿಸಿ. ಕಂಟ್ರೋಲರ್ ಸ್ಕ್ರೀನ್ ಮೇಲಿನ ಎತ್ತರ ರೇಡಾರ್ ಅಳೆದದ್ದಲ್ಲ, ವಿಮಾನದ ಟ್ರಾನ್ಸ್‌ಪಾಂಡರ್ ಅನ್ನುವ ರೇಡಿಯೋ ಉಪಕರಣ ಕಳಿಸಿದ್ದು. ಅದೇ ಮುಚ್ಚಿದ ತೂತಿನ ಎತ್ತರ, ಸುತ್ತು ಹಾಕಿಕೊಂಡು ಇನ್ನೊಬ್ಬರ ಬಾಯಿಂದ ವಾಪಸ್ ಬಂತು. ಕೆಳಗಿನ ನೆಲಕ್ಕೆ ರೇಡಿಯೋ ಅಲೆ ಕಳಿಸಿ ಅಳೆಯುವ ರೇಡಿಯೋ ಆಲ್ಟಿಮೀಟರ್ ಮಾತ್ರ ಬೇರೆ ಮೂಲದ್ದು. ಅದರ ಮೇಲೆ ನಡೆಯುವ ನೆಲ ಹತ್ತಿರವಾದ ಎಚ್ಚರಿಕೆ ನಿಜವನ್ನೇ ಕೂಗುತ್ತಿತ್ತು. 70 ಜನ ಸತ್ತರು.

ಇದನ್ನು ತಿಳಿದ ಮೇಲೆ ನನ್ನ ಅಭ್ಯಾಸದಲ್ಲಿ ಒಂದು ಪ್ರಶ್ನೆ ಸೇರಿಕೊಂಡಿತು. ಎರಡು ಉಪಕರಣ ಒಂದೇ ಮಾತು ಹೇಳಿದಾಗ, ಇವೆರಡಕ್ಕೂ ಮಾಹಿತಿ ಎಲ್ಲಿಂದ ಬರುತ್ತಿದೆ? ಒಂದೇ ಕಡೆಯಿಂದ ಅಂದರೆ ಅದು ಎರಡು ಸಾಕ್ಷಿ ಅಲ್ಲ, ಒಂದೇ ಸಾಕ್ಷಿ. ವೇಗದ ಮೇಲೆ ಅನುಮಾನ ಬಂದರೆ ಜಿಪಿಎಸ್‌ನ ನೆಲದ ವೇಗ ನೋಡಿ. ಗಾಳಿಯ ಲೆಕ್ಕ ಬಿಟ್ಟರೂ ಹಾರುತ್ತಿದೆಯೋ ಬೀಳುತ್ತಿದೆಯೋ ಅನ್ನುವುದು ಗೊತ್ತಾಗುತ್ತದೆ. ಇನ್ನೂ ಒಳ್ಳೆಯದು ಮೂತಿಯ ಕೋನ ಮತ್ತು ಇಂಜಿನ್ ಶಕ್ತಿ. ಇವೆರಡು ಸರಿಯಿದ್ದರೆ ವೇಗ ತಾನಾಗಿಯೇ ಸರಿಯಿರುತ್ತದೆ.

ಏರ್‌ಬಸ್ ಎ320ಯಲ್ಲಿ ಇದನ್ನು ಪೈಲಟ್‌ಗಳು ಬಾಯಿಪಾಠ ಮಾಡಿರಲೇಬೇಕು. ವೇಗ ನಂಬುವ ಹಾಗಿಲ್ಲ ಅಂತ ಅನಿಸಿ, ಅದರಿಂದ ಹಾರಾಟಕ್ಕೇ ಅಪಾಯ ಅಂದಾಗ ಆಟೋಪೈಲಟ್, ಹೇಗೆ ಹಾರಿಸಬೇಕು ಅಂತ ಪರದೆಯಲ್ಲಿ ಗೆರೆ ತೋರಿಸುವ ಫ್ಲೈಟ್ ಡೈರೆಕ್ಟರ್, ಥ್ರಸ್ಟ್ (ಇಂಜಿನ್ ತಳ್ಳುವ ಶಕ್ತಿ) ತಾನೇ ಹೊಂದಿಸುವ ಆಟೋಥ್ರಸ್ಟ್ ಮೂರನ್ನೂ ತೆಗೆಯಬೇಕು. ಹೊರಟ ತಕ್ಷಣ, ಥ್ರಸ್ಟ್ ಇಳಿಸುವ ಎತ್ತರಕ್ಕಿಂತ ಕೆಳಗಿದ್ದರೆ ಮೂತಿ 15 ಡಿಗ್ರಿ, ಪೂರ್ತಿ ಥ್ರಸ್ಟ್. ಅದರ ಮೇಲೆ 10,000 ಅಡಿಯವರೆಗೆ 10 ಡಿಗ್ರಿ, ಕ್ಲೈಂಬ್ ಥ್ರಸ್ಟ್. ಅದಕ್ಕೂ ಮೇಲೆ 5 ಡಿಗ್ರಿ, ಕ್ಲೈಂಬ್ ಥ್ರಸ್ಟ್. ಸುರಕ್ಷಿತ ಎತ್ತರಕ್ಕೆ ಹೋಗಿ ನೆಟ್ಟಗಾದ ಮೇಲೆ ಪುಸ್ತಕ ತೆಗೆದು ನಿಧಾನವಾಗಿ ಹುಡುಕಬಹುದು. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ಗೆ ಫ್ಲೈಬೈವೈರ್‌ನವರು ಮಾಡಿದ ಉಚಿತ ಎ320, ಎ32ಎನ್‌ಎಕ್ಸ್‌ನಲ್ಲಿ ಹಾರಿಸಿ ನೋಡಿ. ವೇಗದ ಪಟ್ಟಿಯನ್ನು ಕಾಗದದಿಂದ ಮುಚ್ಚಿದರೂ ವಿಮಾನ ಆರಾಮಾಗಿ ಹಾರುತ್ತದೆ. ಮೊದಲ ಸಲ ನೋಡಿದವರಿಗೆ ಆಶ್ಚರ್ಯವಾಗುತ್ತದೆ.

ಏರ್ ಫ್ರಾನ್ಸ್ 447 ಈ ಚರ್ಚೆಯಲ್ಲಿ ಬರದೇ ಇರುವುದಿಲ್ಲ. 2009ರ ಜೂನ್ 1, ರಿಯೊದಿಂದ ಪ್ಯಾರಿಸ್‌ಗೆ, ಅಟ್ಲಾಂಟಿಕ್ ಮೇಲೆ ಎ330. ಪಿಟೋಗಳಲ್ಲಿ ಮಂಜುಗಡ್ಡೆಯ ಹರಳು ಕಟ್ಟಿ ವೇಗ ಹೋಯಿತು, ಆಟೋಪೈಲಟ್ ಕೈಬಿಟ್ಟಿತು. ವೇಗದ ಅಂಕಿ ಒಂದು ನಿಮಿಷದೊಳಗೆ ಸರಿಯಾಗಿತ್ತು. ಆದರೆ ಅಷ್ಟರಲ್ಲಿ ಮೂತಿ ಎತ್ತಲಾಗಿತ್ತು, ವಿಮಾನ ಸ್ಟಾಲ್‌ಗೆ ಹೋಯಿತು, ಅದರಿಂದ ಹೊರಗೆ ಬರಲಿಲ್ಲ. ಆಟೋಪೈಲಟ್ ಹೋದಾಗಿನಿಂದ ನೀರು ಮುಟ್ಟುವವರೆಗೆ 4 ನಿಮಿಷ 23 ಸೆಕೆಂಡ್. 228 ಜನ. ಆ ಪೈಲಟ್‌ಗಳನ್ನು ಸೋಫಾದಲ್ಲಿ ಕೂತು ಬೈಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಡುರಾತ್ರಿ, ಗುಡುಗಿನ ಮೋಡಗಳ ನಡುವೆ, ಎಚ್ಚರಿಕೆಗಳ ಸುರಿಮಳೆಯಲ್ಲಿ ಅವರು ಕೂತಿದ್ದರು. ನಮಗೆ ಹಾರಾಟವನ್ನು ಅಲ್ಲೇ ನಿಲ್ಲಿಸುವ ಪಾಝ್ ಬಟನ್ ಇದೆ.

ಇನ್ನೊಂದು ಕಡೆ, ಎಚ್ಚರಿಕೆ ಜಾಸ್ತಿಯಾಗಿಯೂ ತೊಂದರೆ. ಏರ್‌ಬಸ್‌ನ ಇಕ್ಯಾಮ್ ಪರದೆ ಏನು ಕೆಟ್ಟಿದೆ, ಏನು ಮಾಡಬೇಕು ಅಂತ ಸಾಲು ಸಾಲಾಗಿ ಬರೆದು ತೋರಿಸುತ್ತದೆ. ಸಿಮ್ಯುಲೇಟರ್‌ನವರು ಅದು ಕಾಣಿಸಿದ ತಕ್ಷಣ ಓದಲು ಹೋಗುತ್ತಾರೆ, ವಿಮಾನ ಎಲ್ಲಿಗೋ ಹೋಗುತ್ತಿರುತ್ತದೆ. ನಿಜವಾದ ಪದ್ಧತಿಯಲ್ಲಿ ಹೊರಟ ಮೇಲೆ ಕನಿಷ್ಠ 400 ಅಡಿ ಏರುವವರೆಗೆ ಇಕ್ಯಾಮ್ ಕೆಲಸ ಶುರುವೇ ಮಾಡುವುದಿಲ್ಲ. ಗಂಟೆ ನಿಲ್ಲಿಸಿ, ಗೇರ್ (ಚಕ್ರಗಳು) ಎತ್ತಿ, ವಿಮಾನ ನೆಟ್ಟಗೆ ಹಾರಿಸಿ, ಆಮೇಲೆ ಉಳಿದದ್ದು. 1972ರ ಡಿಸೆಂಬರ್ 29ರಂದು ಮಯಾಮಿ ಹತ್ತಿರ ಈಸ್ಟರ್ನ್ 401 ಬಿದ್ದದ್ದು ಗೇರ್‌ನ ಒಂದು ಹಸಿರು ಬಲ್ಬ್ ಸುಟ್ಟಿದ್ದಕ್ಕೆ. ಕಾಕ್‌ಪಿಟ್‌ನಲ್ಲಿದ್ದವರ ಗಮನವೆಲ್ಲ ಆ ಬಲ್ಬ್ ಮೇಲೆ, ಆಟೋಪೈಲಟ್ ಎತ್ತರ ಹಿಡಿಯುವುದನ್ನು ಬಿಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ.

ಕ್ವಾಂಟಸ್ 32ರಲ್ಲಿ ಇದರ ತಿರುವುಮುರುವು ಆಯಿತು. 2010ರ ನವೆಂಬರ್ 4, ಸಿಂಗಾಪುರದಿಂದ ಹೊರಟ ಎ380ಯ ಒಂದು ಇಂಜಿನ್ ಸಿಡಿದು ಚೂರುಗಳು ರೆಕ್ಕೆಯನ್ನು ತೂರಿಹೋದವು. ಇಂಧನ, ಹೈಡ್ರಾಲಿಕ್ಸ್ (ಎಣ್ಣೆಯ ಒತ್ತಡದಿಂದ ರೆಕ್ಕೆ ಮತ್ತು ಬಾಲದ ಭಾಗಗಳನ್ನು ಅಲ್ಲಾಡಿಸುವ ವ್ಯವಸ್ಥೆ), ಕರೆಂಟು, ಬ್ರೇಕ್, ಎಲ್ಲದರ ಬಗ್ಗೆಯೂ ಸಂದೇಶಗಳು ಬರುತ್ತಲೇ ಇದ್ದವು. ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿ ಆಮೇಲೆ ಹೇಳಿಕೊಂಡಿದ್ದಾರೆ: ಏನೇನು ಕೆಟ್ಟಿದೆ ಅಂತ ಲೆಕ್ಕ ಹಾಕುವುದನ್ನು ಬಿಟ್ಟು, ಏನೇನು ಉಳಿದಿದೆ ಅಂತ ನೋಡಲು ಶುರು ಮಾಡಿದರಂತೆ. ಉಳಿದದ್ದರಿಂದ ಒಂದು ಸಾದಾ ಸೆಸ್ನಾದಂಥ ವಿಮಾನ ಕಟ್ಟಿಕೊಳ್ಳಬಹುದಾ ಅಂತ. ಸುಮಾರು ಎರಡು ಗಂಟೆ ಗಾಳಿಯಲ್ಲಿದ್ದು, ಲೆಕ್ಕ ಹಾಕಿ, ಅದೇ ಸಿಂಗಾಪುರಕ್ಕೆ ಇಳಿಸಿದರು. 469 ಜನರಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ. ನಾನೂ ತಮ್ಮನೂ ಈಗ ಫೇಲ್ಯೂರ್ ಆದ ಮೇಲೆ ಇದನ್ನೇ ಮಾಡುತ್ತೇವೆ. ‘ಏನಿದೆ ಹೇಳು’ ಅಂತ ಅವನು ಕೇಳುತ್ತಾನೆ, ನಾನು ಜೋರಾಗಿ ಹೇಳುತ್ತ ಹೋಗುತ್ತೇನೆ. ಹೇಳಿ ಮುಗಿಸುವಷ್ಟರಲ್ಲಿ ಏನು ಮಾಡಬೇಕು ಅನ್ನುವುದು ಹೆಚ್ಚುಕಮ್ಮಿ ಗೊತ್ತಾಗಿರುತ್ತದೆ.

ಸಿಮ್ಯುಲೇಟರ್‌ನಲ್ಲಿ ಸುಮ್ನೆ ಕುತೂಹಲಕ್ಕೆ ಮಾಡಿದ್ದು ಏನು ಉಪಯೋಗ ಅಂತ ಕೇಳುವವರಿಗೆ ನಾನು ಡೆನ್ನಿಸ್ ಫಿಚ್ ಬಗ್ಗೆ ಹೇಳುತ್ತೇನೆ. 1985ರ ಆಗಸ್ಟ್ 12ರಂದು ಜಪಾನ್ ಏರ್‌ಲೈನ್ಸ್ 123ರ ಹೈಡ್ರಾಲಿಕ್ಸ್ ಪೂರ್ತಿ ಹೋಗಿ 520 ಜನ ಸತ್ತರು. ಯುನೈಟೆಡ್ ಏರ್‌ಲೈನ್ಸ್‌ನಲ್ಲಿ ಡಿಸಿ-10 ವಿಮಾನದ ತರಬೇತುದಾರರಾಗಿದ್ದ ಫಿಚ್‌ಗೆ ಒಂದು ಪ್ರಶ್ನೆ ಹೊಕ್ಕಿತು. ಇಂಥ ವಿಮಾನವನ್ನು ಬರೀ ಥ್ರಾಟಲ್‌ಗಳಿಂದ ಹಾರಿಸಲು ಆಗುತ್ತದಾ? ಯಾರೂ ಹೇಳದಿದ್ದರೂ ಸಿಮ್ಯುಲೇಟರ್‌ನಲ್ಲಿ ಪ್ರಯತ್ನಿಸಿ ನೋಡಿದ್ದರು. 1989ರ ಜುಲೈ 19ರಂದು ಯುನೈಟೆಡ್ 232ರಲ್ಲಿ ಅವರು ಪ್ರಯಾಣಿಕರಾಗಿ ಕೂತಿದ್ದರು. ಬಾಲದ ಇಂಜಿನ್ ಸಿಡಿದು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಹೋದವು. ಫಿಚ್ ಕಾಕ್‌ಪಿಟ್‌ಗೆ ಹೋಗಿ, ಸೀಟುಗಳ ನಡುವೆ ಮಂಡಿಯೂರಿ ಎರಡು ಥ್ರಾಟಲ್ ಹಿಡಿದರು. ಕ್ಯಾಪ್ಟನ್ ಆಲ್ ಹೇನ್ಸ್ ಮತ್ತು ಉಳಿದವರ ಜೊತೆ ಸೇರಿ ಅಯೋವಾದ ಸೂ ಸಿಟಿಯ ರನ್‌ವೇವರೆಗೆ ತಂದರು. ವಿಮಾನ ಒಡೆದು ಉರುಳಿತು, 296 ಜನರಲ್ಲಿ 184 ಜನ ಬದುಕಿದರು. ಆಮೇಲೆ ಅದೇ ಸ್ಥಿತಿಯನ್ನು ಸಿಮ್ಯುಲೇಟರ್‌ಗೆ ಹಾಕಿ ಬೇರೆ ಪೈಲಟ್‌ಗಳಿಗೆ ಕೊಟ್ಟು ನೋಡಿದರು, ಅವರಿಗೆ ಸುರಕ್ಷಿತವಾಗಿ ಇಳಿಸಲು ಆಗಲಿಲ್ಲ.

ನೀವೂ ಇದನ್ನು ಮಾಡಿ ನೋಡಬಹುದು. ಯಾವುದಾದರೂ ದೊಡ್ಡ ಜೆಟ್‌ನಲ್ಲಿ ಹೈಡ್ರಾಲಿಕ್ಸ್ ಎಲ್ಲ ತೆಗೆದುಹಾಕಿ. ಮೂತಿ ತಾನಾಗಿಯೇ ನಿಧಾನವಾಗಿ ಕೆಳಗೆ ಹೋಗುತ್ತದೆ, ವೇಗ ಬರುತ್ತದೆ, ಮೇಲೆ ಬರುತ್ತದೆ, ವೇಗ ಹೋಗುತ್ತದೆ, ಮತ್ತೆ ಕೆಳಗೆ. ಇದನ್ನು ತಡೆಯಲು ಮೂತಿ ಕೆಳಗೆ ಹೋಗಿ ವೇಗ ಏರುತ್ತಿರುವಾಗ ಥ್ರಾಟಲ್ ಕೊಡಬೇಕು, ಮೂತಿ ಏರಿ ವೇಗ ಬೀಳುತ್ತಿರುವಾಗ ತೆಗೆಯಬೇಕು. ಬುದ್ಧಿ ಹೇಳುವುದರ ಪೂರ್ತಿ ಉಲ್ಟಾ. ತಿರುಗಲು ಒಂದು ಇಂಜಿನ್‌ಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಅರ್ಧ ಗಂಟೆ ಮಾಡಿದರೆ ಆ ನಾಲ್ವರು ಏನು ಸಾಧಿಸಿದರು ಅನ್ನುವುದು ಸ್ವಲ್ಪವಾದರೂ ಅರಿವಾಗುತ್ತದೆ.

ಮನೆಯ ಸಿಮ್ಯುಲೇಟರ್ ಕೊಡದೇ ಇರುವುದೂ ಇದೆ. ಮೋಡದೊಳಗೆ ಕಿವಿಯ ಒಳಗಿನ ದ್ರವ ಸುಳ್ಳು ಹೇಳುತ್ತದೆ, ನೆಟ್ಟಗಿರುವಾಗ ವಾಲಿದ್ದೇವೆ ಅನಿಸುತ್ತದೆ. ನಮ್ಮ ಕುರ್ಚಿ ಅಲ್ಲಾಡುವುದಿಲ್ಲ, ಆ ಸುಳ್ಳು ನಮಗೆ ಬರುವುದಿಲ್ಲ, ಆದ್ದರಿಂದ ಹೊರೈಜನ್ ಇಲ್ಲದೆ ಹಾರಿಸುವುದು ನಮಗೆ ನಿಜಕ್ಕಿಂತ ಸುಲಭ. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ಮಾಡಿದ ತರಬೇತಿ ಪೆಟ್ಟಿಗೆ ಈ ಒಂದು ವಿಷಯದಲ್ಲಿ ನಮ್ಮ ಕಂಪ್ಯೂಟರ್‌ಗಳಿಗಿಂತ ಮುಂದಿತ್ತು. ಅವರ ಮನೆಯವರದು ಆರ್ಗನ್ ವಾದ್ಯ ತಯಾರಿಸುವ ಕಾರ್ಖಾನೆ. ಆ ವಾದ್ಯದ ತಿದಿಗಳನ್ನೇ ಬಳಸಿ ಪೆಟ್ಟಿಗೆಯನ್ನು ವಾಲಿಸುತ್ತಿದ್ದರು, ತಿರುಗಿಸುತ್ತಿದ್ದರು. 1934ರಲ್ಲಿ ಅಂಚೆ ಸಾಗಿಸುತ್ತಿದ್ದ ಸೇನಾ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಒಬ್ಬರ ಮೇಲೊಬ್ಬರು ಸತ್ತಾಗ ಸೇನೆ ಅಂಥ ಆರು ಪೆಟ್ಟಿಗೆ ಕೊಂಡಿತು. ಸಿಮ್ಯುಲೇಟರ್ ಅನ್ನುವುದು ಬೆಳೆದದ್ದೇ ಕುರುಡು ಹಾರಾಟದ ಸಾವುಗಳಿಂದ.

ಶುರು ಮಾಡುವವರಿಗೆ ನನ್ನ ಸಲಹೆ ಇಷ್ಟು. ಹಳೆಯ ಡಯಲ್‌ಗಳ 172 ತೆಗೆದುಕೊಳ್ಳಿ. ಮೋಡದ ತಳ ನೆಲದಿಂದ 1,500 ಅಡಿಗೆ ಇಡಿ, ಕೆಳಗೆ ಬಂದರೆ ಇಳಿಯಲು ಆಗಬೇಕು. ಬಯಲು ಸೀಮೆಯಲ್ಲಿ ಹಾರಿಸಿ, ಘಟ್ಟ ಆಮೇಲೆ ನೋಡೋಣ. ವ್ಯಾಕ್ಯೂಮ್ ಪಂಪ್ ಮತ್ತು ಪಿಟೋ ಎರಡನ್ನೇ ಸುಮ್ನೆ ಯಾವಾಗಲಾದರೂ ಕೆಡುವಂತೆ ಇಟ್ಟು, ಉಳಿದದ್ದನ್ನೆಲ್ಲ ಸರಿ ಇಡಿ. ಪಕ್ಕದಲ್ಲಿ ಸ್ಟಿಕಿ ನೋಟ್ ಮತ್ತು ಒಂದು ಗಡಿಯಾರ ಇರಲಿ. ಪಾಝ್ ಒತ್ತಬೇಡಿ. ಏನೇ ಆದರೂ ರೀಸ್ಟಾರ್ಟ್ ಮಾಡಬೇಡಿ, ರನ್‌ವೇ ಸಿಗದಿದ್ದರೆ ಹೊಲದಲ್ಲಾದರೂ ಇಳಿಸಿ, ಚಕ್ರ ನಿಲ್ಲುವವರೆಗೆ ಹಾರಾಟ ಮುಗಿದಿಲ್ಲ. ಇಳಿದ ಮೇಲೆ ರೀಪ್ಲೇ ಹಾಕಿ, ಪಂಪ್ ಸತ್ತ ಕ್ಷಣ ಮತ್ತು ನಿಮಗೆ ಗೊತ್ತಾದ ಕ್ಷಣ, ಇವೆರಡರ ನಡುವೆ ಎಷ್ಟು ಹೊತ್ತು ಹೋಯಿತು ಅಂತ ಬರೆದಿಟ್ಟುಕೊಳ್ಳಿ. ಲ್ಯಾಂಡಿಂಗ್ ಎಷ್ಟು ಮೆತ್ತಗಾಯಿತು ಅನ್ನುವುದಕ್ಕಿಂತ ನನಗೆ ಆ ಸೆಕೆಂಡುಗಳ ಲೆಕ್ಕ ಮುಖ್ಯ. ಯಾರಾದರೂ ಮಾಡಿ ನೋಡಿದರೆ ಕೆಳಗೆ ಬರೆಯಿರಿ, ಯಾವ ಡಯಲ್ ಮೊದಲು ಅನುಮಾನ ಹುಟ್ಟಿಸಿತು ಅಂತ ತಿಳಿಯುವ ಆಸೆ ಇದೆ.